ಸ್ವೆಟರ್ ಉದ್ದವಾಗಿಸಲು ತಾತ್ಕಾಲಿಕ ಅಂಚು
ಶಿಕಾರಿಪುರ/ಸೊರಬ: ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಈ ಅರೆಮಲೆನಾಡು ತಾಲ್ಲೂಕುಗಳಲ್ಲಿ ಮಕ್ಕಳಿಗೆ ಸ್ವೆಟರ್ ಬೇಕು. ಕಳೆದ ವರ್ಷದ್ದು ಗಿಡ್ಡವಾಗಿರುತ್ತದೆ. ಹೆಣಿಗೆ ಆರಂಭಿಸಿದ ಕೆಳ ಅಂಚಿನಿಂದ ಅದನ್ನು ಬಿಚ್ಚುವುದು ಬಲು ಕಷ್ಟ. ತಾತ್ಕಾಲಿಕ ಅಂಚಿನಿಂದ ಆರಂಭಿಸಿದ್ದರೆ ಈ ತೊಡಕಿಲ್ಲ.

ಬೇರೆ ಬಣ್ಣದ ಹತ್ತಿ ದಾರದಿಂದ (ಉಣ್ಣೆಯಾದರೆ ಅಂಟಿಕೊಳ್ಳುತ್ತದೆ) ಕ್ರೋಶಾ ಕಡ್ಡಿಯಲ್ಲಿ ಕುಣಿಕೆ ಮಾಡಿ, ದಾರವನ್ನು ಹೆಣಿಗೆ ಕಡ್ಡಿಯ ಹಿಂದಿರಿಸಿ, ಕಡ್ಡಿಯ ಮೇಲಿನಿಂದ ಸೆಳೆದು ಕುಣಿಕೆಯೊಳಗಿಂದ ಹೊರತೆಗೆಯಬೇಕು. ಪ್ರತಿ ಸೆಳೆತಕ್ಕೂ ಹೆಣಿಗೆ ಕಡ್ಡಿಯ ಮೇಲೆ ಒಂದು ಕುಣಿಕೆ. ಮತ್ತೆ ದಾರ ಹಿಂದಕ್ಕೆ. ಬೇಕಾದಷ್ಟಾದ ಮೇಲೆ ನಾಲ್ಕಾರು ಬರಿಯ ಸರಪಣಿ ಹಾಕಿ, ಆ ತುದಿಗೆ ಗುರುತಿನ ಗಂಟು ಹಾಕಿ, ಉಣ್ಣೆ ದಾರದಲ್ಲಿ ಮುಂದುವರಿಯುವುದು.

ಮೈ ಮುಗಿದ ನಂತರ ಗಂಟು ಬಿಚ್ಚಿ ಎಳೆದರೆ ಸರಪಣಿ ಅಕ್ಕಿ ಮೂಟೆಯ ಹೊಲಿಗೆಯಂತೆ ಸರ್ರನೆ ಕಳಚುತ್ತದೆ. ಬಿಡುವಾದ ಕುಣಿಕೆಗಳನ್ನು, ತುದಿಯ ಅರ್ಧ ಕುಣಿಕೆಯನ್ನೂ ಮರೆಯದೆ, ಕಡ್ಡಿಗೇರಿಸಿ ಪಟ್ಟಿಯನ್ನು ಕೆಳಮುಖವಾಗಿ ಹೆಣೆಯಬೇಕು. ಮುಂದಿನ ಮಳೆಗಾಲಕ್ಕೆ ಪಟ್ಟಿಯಷ್ಟನ್ನೇ ಬಿಚ್ಚಿ, ನಾಲ್ಕು ಬೆರಳು ಉದ್ದ ಸೇರಿಸಿ, ಪಟ್ಟಿಯನ್ನು ಮರಳಿ ಹೆಣೆದರಾಯಿತು.