ಕೊಯ್ದಷ್ಟೂ ದೊಡ್ಡದಾಗುವ ಕಾಲಿನ ಹುಣ್ಣು: ಎಲ್ಲವೂ ಸೋಂಕಲ್ಲ, ಎಲ್ಲವೂ ಶುಗರ್ ಅಲ್ಲ

ಯಲಹಂಕ: ಯಶವಂತಪುರ ಎಪಿಎಂಸಿ ಯಾರ್ಡ್‌ನಲ್ಲಿ ಮೂಟೆ ಹೊರುವವರಿಗಾಗಲಿ, ಆರ್‌.ಟಿ. ನಗರದ ಅಂಗಡಿಗಳಲ್ಲಿ ದಿನವಿಡೀ ನಿಂತೇ ವ್ಯಾಪಾರ ಮಾಡುವವರಿಗಾಗಲಿ ಕಾಲಿನ ಗಾಯ ಹೊಸದಲ್ಲ. ವಾಸಿಯಾಗದಿದ್ದರೆ ‘ಶುಗರ್ ಇರಬೇಕು, ನರ ಊದಿರಬೇಕು’ ಅಂತಾರೆ. ಬಹಳಷ್ಟು ಸಲ ಅದೇ ನಿಜ. ಆದರೆ ಇವೆರಡೂ ಅಲ್ಲದ ಅಪರೂಪದ ಹುಣ್ಣೊಂದಿದೆ. ಹೆಸರು ಪಯೋಡರ್ಮಾ ಗ್ಯಾಂಗ್ರಿನೋಸಮ್.

ಹೆಸರೇ ದಾರಿ ತಪ್ಪಿಸತ್ತೆ

1930ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ ವೈದ್ಯರು ಇಟ್ಟ ಹೆಸರಿದು. ಇದು ಸೋಂಕೂ ಅಲ್ಲ, ಗ್ಯಾಂಗ್ರೀನ್ ಕೂಡ ಅಲ್ಲ. ಒಬ್ಬರಿಂದ ಒಬ್ಬರಿಗೆ ಹರಡಲ್ಲ. ರೋಗಾಣು ಜೊತೆ ಹೋರಾಡಬೇಕಾದ ಬಿಳಿ ರಕ್ತಕಣಗಳು ಚರ್ಮಕ್ಕೇ ನುಗ್ಗಿ ಉರಿಯೂತ ಎಬ್ಬಿಸೋದ್ರಿಂದ ಹುಣ್ಣಾಗತ್ತೆ.

ಗುರುತು ಏನು?

ಮೊದಲು ಹುಳ ಕಚ್ಚಿದಂಥ ಸಣ್ಣ ಗುಳ್ಳೆ, ಹೆಚ್ಚಾಗಿ ಮೊಣಕಾಲಿನ ಕೆಳಗೆ. ಕೆಲವೇ ದಿನಗಳಲ್ಲಿ ಒಡೆದು ಅಗಲವಾಗತ್ತೆ. ಅಂಚು ನೇರಳೆ ಬಣ್ಣಕ್ಕೆ ತಿರುಗತ್ತೆ. ನೋವು ವಿಪರೀತ. ಸೋಂಕು ಅಂತ ಕೊಯ್ದು ಸ್ವಚ್ಛ ಮಾಡಿದರೆ ಇನ್ನಷ್ಟು ಹಿಗ್ಗುವುದುಂಟು. ಹಾಗಂತ ಶುಗರ್ ಗಾಯಕ್ಕೆ ವೈದ್ಯರು ಹೇಳಿದ ಆಪರೇಷನ್ ಬೇಡ ಅನ್ನಬಾರದು. ಅಲ್ಲಿ ಕೊಯ್ಯುವುದೇ ಜೀವ ಉಳಿಸಬಹುದು. ಅದಕ್ಕೇ ಯಾವ ಹುಣ್ಣು ಅಂತ ಮೊದಲು ಗೊತ್ತಾಗಬೇಕು.

ಪತ್ತೆ ಹೇಗೆ?

ಇದೇ ರೋಗ ಅಂತ ಹೇಳುವ ಒಂದೇ ಟೆಸ್ಟ್ ಇಲ್ಲ. ಹುಣ್ಣಿನ ಅಂಚಿನಿಂದ ಚೂರು ತೆಗೆದು ಬಯಾಪ್ಸಿ ಮಾಡ್ತಾರೆ. ಬ್ಯಾಕ್ಟೀರಿಯಾ, ಕ್ಷಯ, ಫಂಗಸ್, ರಕ್ತನಾಳದ ತೊಂದರೆ, ಕ್ಯಾನ್ಸರ್ ಅಲ್ಲ ಅಂತ ಒಂದೊಂದಾಗಿ ಖಚಿತ ಮಾಡಿಕೊಳ್ತಾರೆ.

ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಒಳಗೆ ಬೇರೊಂದು ಕಾಯಿಲೆ ಇರತ್ತೆ: ಅಲ್ಸರೇಟಿವ್ ಕೊಲೈಟಿಸ್‌ನಂಥ ಕರುಳಿನ ಕಾಯಿಲೆ, ಕೀಲುವಾತ, ರಕ್ತದ ಕಾಯಿಲೆ. ಹಾಗಾಗಿ ಮಲದಲ್ಲಿ ರಕ್ತ, ಪದೇ ಪದೇ ಭೇದಿ, ಕೀಲುನೋವು ಇದ್ದರೆ ಸಂಕೋಚ ಬಿಟ್ಟು ವೈದ್ಯರಿಗೆ ಹೇಳಬೇಕು.

ಚಿಕಿತ್ಸೆ

ಹುಣ್ಣು ಚಿಕ್ಕದಿದ್ದರೆ ಸ್ಟೀರಾಯ್ಡ್ ಮುಲಾಮು ಸಾಕಾಗಬಹುದು. ದೊಡ್ಡದಕ್ಕೆ ಪ್ರೆಡ್ನಿಸೋಲೋನ್ ಅಥವಾ ಸೈಕ್ಲೋಸ್ಪೋರಿನ್ ಮಾತ್ರೆ. 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ಎರಡರಲ್ಲಿ ಯಾವುದನ್ನೇ ಕೊಟ್ಟರೂ 6 ತಿಂಗಳಲ್ಲಿ ವಾಸಿಯಾದವರು ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಅಂದ್ರೆ ತಾಳ್ಮೆ ಬೇಕು. ಇವಕ್ಕೆ ಬಗ್ಗದಿದ್ದರೆ ಇನ್‌ಫ್ಲಿಕ್ಸಿಮ್ಯಾಬ್‌ನಂಥ ಇಂಜೆಕ್ಷನ್ ಇದೆ. ಅದಕ್ಕೆ ಮುಂಚೆ ಕ್ಷಯದ ಪರೀಕ್ಷೆ ಮಾಡಿಸಲೇಬೇಕು.

ಮೆಡಿಕಲ್ ಶಾಪಿನಿಂದ ತಾವೇ ಸ್ಟೀರಾಯ್ಡ್ ತಂದು ನುಂಗುವುದು ಅಪಾಯ. ಅದು ನಿಜಕ್ಕೂ ಸೋಂಕಾಗಿದ್ದರೆ ಉಲ್ಬಣಿಸತ್ತೆ, ಶುಗರ್ ಕೂಡ ಏರತ್ತೆ. ಶುರು ಮಾಡಿದ ಮಾತ್ರೆಯನ್ನ ವೈದ್ಯರನ್ನ ಕೇಳದೆ ನಿಲ್ಲಿಸಲೂಬಾರದು.

ಎಲ್ಲಿ ತೋರಿಸಬೇಕು?

ಮತ್ತಿಕೆರೆ ಬಳಿಯ ರಾಮಯ್ಯ, ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗ ಇದೆ. ಹಳೇ ಚೀಟಿ, ರಿಪೋರ್ಟ್ ಜೊತೆಗೆ ಒಯ್ಯಿರಿ. ಎರಡು ದಿನಕ್ಕೊಮ್ಮೆ ಮೊಬೈಲಲ್ಲಿ ಹುಣ್ಣಿನ ಫೋಟೋ ತೆಗೆದಿಟ್ಟುಕೊಂಡರೆ ಎಷ್ಟು ಬೇಗ ಹಿಗ್ಗಿದೆ ಅಂತ ವೈದ್ಯರಿಗೆ ಗೊತ್ತಾಗತ್ತೆ. ಕೊಯ್ದ ಮೇಲೂ ಹುಣ್ಣು ಬೆಳೀತಿದ್ರೆ, ಇನ್ನೊಮ್ಮೆ ಕೊಯ್ಯುವ ಮುಂಚೆ ‘ಬಯಾಪ್ಸಿ ಬೇಕಾ ಡಾಕ್ಟ್ರೇ?’ ಅಂತ ಕೇಳೋದು ತಪ್ಪಲ್ಲ.