5 ವಾಟ್, 20 ಮೀಟರ್ ತಂತಿ

ಗಾಳದ ದಾರ ಕಟ್ಟಿದ ಕಲ್ಲನ್ನು ಕವಣೆಯಿಂದ ತೋಟದಂಚಿನ ಹಲಸಿನ ಮರದ ಮೇಲೆ ಹಾರಿಸಿ, ದಾರದ ಬೆನ್ನಿಗೆ ನೈಲಾನ್ ಹುರಿಯನ್ನೂ ಹುರಿಯ ಬೆನ್ನಿಗೆ ಮನೆ ವೈರಿಂಗಿನ ತಾಮ್ರದ ತಂತಿಯನ್ನೂ ಎಳೆದುಕೊಂಡರೆ ಆಂಟೆನಾದ ಮುಕ್ಕಾಲು ಕೆಲಸ ಮುಗಿದಂತೆ. ಉಳಿದ ಕಾಲು ಪಾಲಿಗೆ ನನಗೆ ಕೆಲವೊಮ್ಮೆ ತಿಂಗಳೇ ಹಿಡಿದದ್ದುಂಟು. ಆ ತಂತಿ ನಾನು ಕೊಟ್ಟ ಶಕ್ತಿಯನ್ನು ಎತ್ತ ಕಳಿಸುತ್ತಿದೆ, ಎಷ್ಟನ್ನು ತಾನೇ ನುಂಗುತ್ತಿದೆ ಎಂದು ತಿಳಿಯುವುದೇ ಆ ಕಾಲು ಪಾಲು.

ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸು ಮಾಡಿ, ಪರವಾನಗಿಯನ್ನೂ ಕಾಲ್‌ಸೈನ್ ಎಂಬ ಗುರುತಿನ ಸಂಕೇತವನ್ನೂ ಪಡೆದ ಹವ್ಯಾಸಿ ರೇಡಿಯೋದವರನ್ನು ಹ್ಯಾಮ್‌ಗಳೆನ್ನುತ್ತಾರೆ. ಅವರಲ್ಲಿ ಹಲವರ ಮೇಜಿನ ಮೇಲೆ 100 ವಾಟ್‌ನ ಯಂತ್ರವಿರುತ್ತದೆ. ಕೆಲವರು ಮಾತ್ರ ಬೇಕೆಂದೇ 5 ವಾಟ್‌ಗೆ ಇಳಿಯುತ್ತಾರೆ. ಹಳೆಯ ನಿಸ್ತಂತು ಸಂಕೇತಗಳಲ್ಲಿ ‘ಶಕ್ತಿ ತಗ್ಗಿಸು’ ಎನ್ನಲು ಬಳಸುತ್ತಿದ್ದ ಕ್ಯೂಆರ್‌ಪಿ ಎಂಬ ಮೂರಕ್ಷರವೇ ಈ ಹವ್ಯಾಸದ ಹೆಸರು. 5 ವಾಟ್ ಎಂದರೆ ಕೋಣೆಯ ಎಲ್‌ಇಡಿ ಬಲ್ಬಿಗೂ ಸಾಲದಷ್ಟು ವಿದ್ಯುತ್ತು.

ಇಷ್ಟರಲ್ಲಿ ಕಡಲು ದಾಟುವುದು ಹೇಗೆ? 100 ವಾಟ್ 5 ವಾಟ್ ಆದಾಗ ಶಕ್ತಿ ಇಪ್ಪತ್ತನೇ ಒಂದು ಪಾಲಿಗೆ, ಅಂದರೆ 13 ಡೆಸಿಬೆಲ್ ಇಳಿಯುತ್ತದೆ. ಕೇಳುವವರ ರೇಡಿಯೋದಲ್ಲಿ ಸಂಕೇತದ ಬಲ ತೋರಿಸುವ ಎಸ್-ಮೀಟರ್ ಇರುತ್ತದಲ್ಲ, ಅದರ ಒಂದೊಂದು ಮನೆಗೂ 6 ಡೆಸಿಬೆಲ್. ಹಾಗಾಗಿ ಮುಳ್ಳು 9ರಿಂದ 7ರ ಹತ್ತಿರಕ್ಕೆ ಜಾರುತ್ತದೆ, ಅಷ್ಟೇ. ಕಿವಿಗೆ ಮಾತು ಇನ್ನೂ ಕೇಳಿಸುತ್ತಲೇ ಇರುತ್ತದೆ. ಆದರೆ ಆಂಟೆನಾ ಕೆಟ್ಟದಾಗಿದ್ದರೆ ಅದಕ್ಕಿಂತ ಹೆಚ್ಚು ಡೆಸಿಬೆಲ್‌ಗಳು ಸದ್ದಿಲ್ಲದೆ ಸೋರಿಹೋಗುತ್ತವೆ. ಹೆಚ್ಚು ಶಕ್ತಿಯ ಯಂತ್ರ ಆ ಸೋರಿಕೆಯನ್ನು ಮುಚ್ಚಿಡುತ್ತದೆ, 5 ವಾಟ್ ಅದನ್ನು ಬಯಲು ಮಾಡುತ್ತದೆ. ನಾನು ಕಡಿಮೆ ಶಕ್ತಿಯನ್ನು ನೆಚ್ಚಿಕೊಂಡಿರುವುದು ಇದೇ ಕಾರಣಕ್ಕೆ: ಅದು ನನ್ನ ಪಾಲಿಗೆ ಒಂದು ಅಳತೆಗೋಲು.

ತಂತಿಯ ಉದ್ದಕ್ಕೆ ಯಾಕಿಷ್ಟು ಮಹತ್ವ? ಬಾವಿಯಿಂದ ಅಗಲ ಬಾಯಿಯ ಬಕೆಟ್ಟಿನಲ್ಲಿ ನೀರು ತರುವುದನ್ನು ನೆನೆಯಿರಿ. ನೀರಿಗೆ ತನ್ನದೇ ಓಲಾಟದ ಲಯವಿದೆ. ಬಕೆಟ್ ಅಗಲವಾದಷ್ಟೂ ಓಲಾಟ ನಿಧಾನ. ನಮ್ಮ ಹೆಜ್ಜೆ ಆ ಲಯಕ್ಕೆ ಕೂಡಿಕೊಂಡರೆ ಸಣ್ಣ ನಡಿಗೆಗೂ ನೀರು ತುಳುಕುತ್ತದೆ. ತಂತಿಯಲ್ಲಿ ಹೀಗೆ ಓಲಾಡುವುದು ಎಲೆಕ್ಟ್ರಾನುಗಳು. ಅಲೆಯ ಅರ್ಧದಷ್ಟು ಉದ್ದದ ತಂತಿಯಲ್ಲಿ ಅವುಗಳ ಓಲಾಟ ರೇಡಿಯೋದ ಲಯಕ್ಕೆ ಸರಿಯಾಗಿ ಕೂಡುತ್ತದೆ. 7.05 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 42.5 ಮೀಟರ್, ಅದರ ಅರ್ಧ 21 ಮೀಟರಿಗೆ ತುಸು ಮೇಲೆ. ತಂತಿಯ ತುದಿಗಳ ಪ್ರಭಾವಕ್ಕೆಂದು ಸುಮಾರು ಶೇಕಡಾ 5 ಕಳೆದರೆ 20.2 ಮೀಟರ್. ಪ್ಲಾಸ್ಟಿಕ್ ಹೊದಿಕೆಯ ತಂತಿಯಾದರೆ ಇನ್ನೂ ಚೂರು ಕಡಿಮೆ ಸಾಕು. ಮೊದಲು ಉದ್ದಕ್ಕೇ ಕತ್ತರಿಸಿ, ಅಳೆಯುತ್ತ ಗೇಣು ಗೇಣಾಗಿ ಕಡಿಮೆ ಮಾಡುವುದು ರೂಢಿ.

ಬಕೆಟ್ಟನ್ನು ಇನ್ನೊಮ್ಮೆ ನೋಡಿ. ಅಂಚಿನಲ್ಲಿ ನೀರು ಏರಿಳಿಯುತ್ತದೆ, ನಡುವಿನಲ್ಲಿ ಅತ್ತಿತ್ತ ಹರಿಯುತ್ತದೆ. ತಂತಿಯಲ್ಲೂ ಹಾಗೇ: ತುದಿಗಳಲ್ಲಿ ವೋಲ್ಟೇಜು ಹೆಚ್ಚು, ನಡುವೆ ಕರೆಂಟು ಹೆಚ್ಚು. ಅಲೆ ಹೊಮ್ಮುವುದು ಕರೆಂಟು ಹರಿಯುವ ಕಡೆಯಿಂದ. ಆದ್ದರಿಂದ ಮರ ಒಂದೇ ಇದ್ದರೆ ತಂತಿಯ ನಡುವನ್ನು ಎತ್ತರಕ್ಕೇರಿಸಿ, ತುದಿಗಳನ್ನು ಎರಡೂ ಕಡೆ ಇಳಿಬಿಟ್ಟರೂ ನಷ್ಟ ದೊಡ್ಡದಲ್ಲ. ನಡುವಿನಿಂದ ಕೇಬಲ್ ಇಳಿಸಲು ಅನುಕೂಲವಿಲ್ಲದಾಗ ತುದಿಯಿಂದಲೇ ಶಕ್ತಿ ಕೊಡಬಹುದು. ಆದರೆ ಅಲ್ಲಿ ತಂತಿಯ ತಡೆ ಸಾವಿರಗಟ್ಟಲೆ ಓಮ್, ರೇಡಿಯೋ ಬಯಸುವುದು 50 ಓಮ್. ಮೋಟಾರ್ ವೈಂಡಿಂಗ್ ಅಂಗಡಿಯಿಂದ ತಂದ ಎನಾಮಲ್ ತಂತಿಯನ್ನು ಫೆರೈಟ್ ಬಳೆಗೆ ಒಂದು ಬದಿ 2 ಸುತ್ತು, ಇನ್ನೊಂದು ಬದಿ 14 ಸುತ್ತು ಸುತ್ತಿದರೆ 50 ಓಮ್ 49 ಪಟ್ಟಾಗಿ 2,450 ಓಮ್‌ಗೆ ಹೊಂದುತ್ತದೆ. 5 ವಾಟ್‌ಗೇ ಅಲ್ಲಿ ಸುಮಾರು 110 ವೋಲ್ಟ್ ಇರುತ್ತದೆ, ಆದ್ದರಿಂದ ಮಕ್ಕಳ ಕೈಗೆ ಸಿಗುವಂತೆ ತುದಿಯನ್ನು ಬಿಡಬಾರದು. ಕರೆಂಟಿನ ಲೈನ್ ಹಾದುಹೋಗುವ ಕಡೆ ಕವಣೆ ಎತ್ತಲೇಬಾರದು.

ನಮ್ಮ ಕಡೆ ಇನ್ನೊಂದು ಆಸೆ ಹುಟ್ಟುವುದು ಸಹಜ: ಅಡಿಕೆ ಕೊಯ್ಯುವ ದೋಟಿಯನ್ನೇ ಆಂಟೆನಾದ ಕಂಬ ಮಾಡಿದರೆ? ಈಗ ಬಂದಿರುವ ಹಗುರ ದೋಟಿಗಳು ಕಾರ್ಬನ್ ಫೈಬರಿನವು. ಅದಕ್ಕೆ ತಂತಿ ಸುತ್ತಿ ನಿಲ್ಲಿಸಿದ ದಿನ ನನ್ನ ಕರೆಗೆ ಉತ್ತರವೇ ಬರಲಿಲ್ಲ. ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಯಗೊಡುತ್ತದೆ, ಆದರೆ ತಾಮ್ರದಷ್ಟು ಸಲೀಸಾಗಿ ಅಲ್ಲ. ಪಕ್ಕದಲ್ಲೇ ಇರುವ ತಂತಿಯ ಲಯ ಕೆಡಿಸಿ, ಶಕ್ತಿಯ ಒಂದು ಪಾಲನ್ನು ಬಿಸಿಯಾಗಿಸಿ ಕಳೆಯುತ್ತದೆ. ಒಣಗಿದ ಬಿದಿರಿನ ಗಳುವಿಗೆ ಅದೇ ತಂತಿ ಕಟ್ಟಿ, ಬುಡದಿಂದ ನಾಲ್ಕು ದಿಕ್ಕಿಗೆ ನಾಲ್ಕು ತಂತಿಗಳನ್ನು ನೆಲದ ಮೇಲೆ ಹಾಸಿದೆ. ಮರುದಿನ ಸಂಜೆ ಉತ್ತರ ಬಂತು. 100 ವಾಟ್ ಹಾಕಿದ್ದರೆ ಮೊದಲ ದಿನವೇ ಯಾರೋ ಉತ್ತರಿಸುತ್ತಿದ್ದರು, ದೋಟಿಯ ತಪ್ಪು ನನಗೆ ತಿಳಿಯುತ್ತಲೇ ಇರಲಿಲ್ಲ.

ನೆಟ್ಟಗೆ ನಿಂತ ತಂತಿ ಅಲೆಯನ್ನು ದಿಗಂತದ ಕಡೆಗೆ ಕಳಿಸುತ್ತದೆ, ತಗ್ಗಿನಲ್ಲಿ ಅಡ್ಡ ಕಟ್ಟಿದ್ದು ನೆತ್ತಿಯತ್ತ. ಮುನ್ನೂರು ಕಿಲೋಮೀಟರ್ ಆಸುಪಾಸಿನ ಎತ್ತರದಲ್ಲಿ ಬಿಸಿಲಿಗೆ ವಿದ್ಯುದಾವೇಶಗೊಂಡ ಗಾಳಿಯ ಪದರ ಆ ಅಲೆಯನ್ನು ಮರಳಿ ನೆಲಕ್ಕೆ ಬಾಗಿಸುತ್ತದೆ. ನೆತ್ತಿಗೆ ಹೋದದ್ದು ಕೊಡೆಯಂತೆ ಹರಡಿ ಸುತ್ತಲ ಜಿಲ್ಲೆಗಳ ಮೇಲೆ ಬೀಳುತ್ತದೆ, ದಿಗಂತಕ್ಕೆ ಹೋದದ್ದು ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ಹಗಲಲ್ಲಿ ಇನ್ನೂ ಕೆಳಗೊಂದು ಪದರ ಎದ್ದು 7 ಮೆಗಾಹರ್ಟ್ಸ್‌ನ ದೂರದ ಅಲೆಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಅದು ಕರಗುತ್ತದೆ. ದೂರದ ಊರುಗಳಿಗೆ ಸಂಜೆಯೇ ಕಾಯಬೇಕಾದ್ದು ಇದರಿಂದ.

ಯಾವ ಆಂಟೆನಾ ಮೇಲು ಎಂದು ಪ್ರಾಮಾಣಿಕವಾಗಿ ಹೋಲಿಸಲು ಈಗ ಸೊಗಸಾದ ಸಾಧನವೊಂದಿದೆ. ಅದನ್ನು ಕೊಟ್ಟ ಜೋಸೆಫ್ ಟೇಲರ್ ಅಮೆರಿಕದ ಖಗೋಳ ವಿಜ್ಞಾನಿ. ಜೋಡಿ ನಕ್ಷತ್ರವೊಂದರ ಪಲ್ಸಾರ್ (ಮಿಡಿಯುವ ನಕ್ಷತ್ರ) ಕಂಡುಹಿಡಿದದ್ದಕ್ಕೆ 1993ರ ನೊಬೆಲ್ ಪಡೆದ ಇಬ್ಬರಲ್ಲಿ ಒಬ್ಬರು. ಅವರು ಹ್ಯಾಮ್ ಕೂಡ. ಗದ್ದಲದಲ್ಲಿ ಹುದುಗಿದ ನಕ್ಷತ್ರದ ಮಿಡಿತವನ್ನು ಹೆಕ್ಕಿದವರು 2008ರಲ್ಲಿ ವಿಸ್ಪರ್ ಎಂಬ ಸಂವಹನ ಕ್ರಮವನ್ನು ಹೊರತಂದರು. ಕಾಲ್‌ಸೈನ್, ಇರುವ ಜಾಗ, ಬಳಸಿದ ಶಕ್ತಿ, ಇಷ್ಟೇ ಸಂದೇಶ. ಅದನ್ನು ಕಳಿಸಲು ಪೂರಾ 110 ಸೆಕೆಂಡು. ಅಷ್ಟು ನಿಧಾನವಾದ್ದರಿಂದಲೇ ಗದ್ದಲ ಸಂಕೇತಕ್ಕಿಂತ 600 ಪಟ್ಟು ಬಲವಾಗಿದ್ದರೂ ಕಂಪ್ಯೂಟರ್ ಅದನ್ನು ಓದಬಲ್ಲದು. ಕೇಳಿದ ಕೇಂದ್ರಗಳು ತಮ್ಮ ಅಳತೆಯನ್ನು ತಾವಾಗಿಯೇ ಅಂತರ್ಜಾಲಕ್ಕೆ ಹಾಕುತ್ತವೆ. ನಾನು ಬಳಸುವುದು 200 ಮಿಲಿವಾಟ್, ನಾಲ್ಕೈದು ಇಂಡಿಕೇಟರ್ ದೀಪಗಳಷ್ಟು. ಹಲಸಿನ ಮರದ ತಂತಿಗೆ ಒಂದು ಸರದಿ, ಬಿದಿರಿನ ತಂತಿಗೆ ಒಂದು ಸರದಿ. ಆಕಾಶ ಗಳಿಗೆಗೊಂದು ಬಣ್ಣವಾದ್ದರಿಂದ ಹೀಗೆ ಸರದಿ ಹಾಕದೆ ಬೇರೆ ದಾರಿಯಿಲ್ಲ.

ರೇಡಿಯೋಗೂ ಬಹಳ ದುಡ್ಡು ಸುರಿಯಬೇಕಿಲ್ಲ. ಹೈದರಾಬಾದಿನ ಅಶ್‌ಹರ್ ಫರ್ಹಾನ್ ರೂಪಿಸಿದ ಬಿಟೆಕ್ಸ್ ಎಂಬ ಪುಟ್ಟ ಯಂತ್ರ ನಮ್ಮ ಪೇಟೆಗಳಲ್ಲಿ ಸಿಗುವ ಬಿಡಿಭಾಗಗಳಿಗೆಂದೇ ಹುಟ್ಟಿದ್ದು. ದುಬಾರಿ ಬಳೆಗಳ ಬದಲು ನಲ್ಲಿಯ ವಾಷರುಗಳಿಗೆ ತಂತಿ ಸುತ್ತಿ ಸುರುಳಿ ಮಾಡುವುದನ್ನು ಅವರು ತೋರಿಸಿಕೊಟ್ಟರು. ಜಗತ್ತಿನ ಎಷ್ಟೋ ಹ್ಯಾಮ್‌ಗಳು ಬೆಸುಗೆ ಕಡ್ಡಿ ಹಿಡಿದದ್ದು ಆ ಯಂತ್ರಕ್ಕಾಗಿ.

ಸೋರಿಕೆ ನನ್ನ ತಂತಿಯಲ್ಲಿ ಮಾತ್ರವಿಲ್ಲ ಎಂದು ಗೊತ್ತಾಗಲು ಬಹಳ ಕಾಲ ಬೇಕಾಯಿತು. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಇನ್ವರ್ಟರು ಎಲ್ಲವೂ ರೇಡಿಯೋ ಅಲೆಗಳಲ್ಲಿ ಗುಂಯ್ಗುಡುತ್ತಿರುತ್ತವೆ. ಒಂದು ಸಂಜೆ ರೇಡಿಯೋ ಬ್ಯಾಟರಿಯಲ್ಲಿ ನಡೆಯುತ್ತಿದ್ದಾಗ ಊರಿಗೆಲ್ಲ ಕರೆಂಟು ಹೋಯಿತು. 6ರಲ್ಲಿ ಅಂಟಿಕೊಂಡಿದ್ದ ಎಸ್-ಮೀಟರಿನ ಮುಳ್ಳು 1ಕ್ಕೆ ಬಿತ್ತು. ಆ ನಿಶ್ಶಬ್ದದ ತಳದಲ್ಲಿ ಮೋರ್ಸ್ ಸಂಕೇತದ ತೆಳ್ಳನೆಯ ದನಿಯೊಂದು ಕರೆಯುತ್ತಿತ್ತು. ಎಷ್ಟು ಹೊತ್ತಿನಿಂದ ಕರೆಯುತ್ತಿತ್ತೋ. ಚಿಮಣಿ ದೀಪ ಹಚ್ಚಿ ಬರೆದುಕೊಂಡೆ: ಜಪಾನಿನ ಕಾಲ್‌ಸೈನ್, ಅವರದೂ 5 ವಾಟ್.