ಆಪರೇಷನ್ ಆಯಿತು, ಪರೀಕ್ಷೆ ಆಯಿತೇ?

ಹುಬ್ಬಳ್ಳಿಯ ಕಮರಿಪೇಟೆಯಂಥ ಹಳೆಯ ಪೇಟೆಗಳಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ. ಒಂದು ಮನೆಯ ಮಾತು ಪಕ್ಕದ ಮನೆಯ ಕಟ್ಟೆ ಮುಟ್ಟಲು ಹೆಚ್ಚು ಹೊತ್ತು ಬೇಕಿಲ್ಲ. ಅಂಥ ಓಣಿಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಎರಡು ಮಕ್ಕಳಾದ ಮೇಲೆ ಗಂಡ ‘ಇನ್ನು ಸಾಕು’ ಎಂದು ತಾನೇ ಆಸ್ಪತ್ರೆಗೆ ಹೋಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದಿದ್ದಾನೆ. ಎರಡು ದಿನ ವಿಶ್ರಾಂತಿ, ಆಮೇಲೆ ಎಂದಿನಂತೆ ಅಂಗಡಿ. ಮೂರು ತಿಂಗಳು ತುಂಬುವ ಮೊದಲೇ ಹೆಂಡತಿಯ ಮುಟ್ಟು ನಿಲ್ಲುತ್ತದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತೆ ಕೇಳುತ್ತಾಳೆ: “ಅಂವಂದು ಆಪರೇಷನ್ ಆಗೇತಲ್ಲ, ಮತ್ತ ಇದು ಹ್ಯಾಂಗವಾ?”

ಸಂಸಾರವೊಂದು ಒಡೆಯಲು ಆ ಒಂದು ಪ್ರಶ್ನೆ ಸಾಕು. ಆದರೆ ಅದರ ಉತ್ತರವನ್ನು ಹುಡುಕಬೇಕಾದದ್ದು ಸೊಸೆಯ ನಡತೆಯಲ್ಲಲ್ಲ, ಗಂಡ ಮಾಡಿಸದೇ ಬಿಟ್ಟ ಒಂದು ಸಣ್ಣ ಪರೀಕ್ಷೆಯಲ್ಲಿ.

ಮಕ್ಕಳು ಓದುವ ಪುಟದಲ್ಲಿ ಇಂಥ ವಿಷಯವೇ ಎಂದು ಹುಬ್ಬೇರಿಸುವ ಪಾಲಕರು ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕವನ್ನೊಮ್ಮೆ ತೆರೆದು ನೋಡಬೇಕು. ಗಂಡಸರಲ್ಲಿ ವೀರ್ಯನಾಳವನ್ನು ಮುಚ್ಚಿದರೆ ವೀರ್ಯಾಣುಗಳ ಸಾಗಣೆ ನಿಲ್ಲುತ್ತದೆ ಎಂಬುದು ಅಲ್ಲಿಯೇ ಇದೆ. ಮುಚ್ಚಿದ ಎಷ್ಟು ದಿನಕ್ಕೆ ನಿಲ್ಲುತ್ತದೆ, ನಿಂತಿದೆ ಎಂದು ತಿಳಿಯುವುದು ಹೇಗೆ ಎಂಬ ಮುಂದಿನ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಹುಬ್ಬಳ್ಳಿಯವರಿಗೆ ಇದನ್ನು ನಳದ ನೀರಿನ ಉದಾಹರಣೆಯಿಂದಲೇ ಹೇಳಬಹುದು. ಸವದತ್ತಿಯ ಕಡೆಯಿಂದ ಮಲಪ್ರಭೆಯ ನೀರು ಬರುತ್ತದೆ. ಪಾಳಿ ಮುಗಿದೊಡನೆ ವಾಲ್ವ್‌ಮ್ಯಾನ್ ಬಂದು ವಾಲ್ವ್ ತಿರುಗಿಸಿ ಹೋಗುತ್ತಾನೆ. ಮನೆಯ ನಳ ಆ ಕ್ಷಣಕ್ಕೆ ನಿಲ್ಲುತ್ತದೆಯೇ? ಇಲ್ಲ. ವಾಲ್ವ್‌ನ ಈಚೆ ಕೊಳವೆಯಲ್ಲಿ ಉಳಿದ ನೀರು ಇನ್ನೂ ಸ್ವಲ್ಪ ಹೊತ್ತು ಸುರಿಯುತ್ತದೆ. ಇಲ್ಲಿಯೂ ಹಾಗೆಯೇ. ವೀರ್ಯಾಣುಗಳು ವೃಷಣಗಳಲ್ಲಿ ತಯಾರಾಗಿ, ಸುಮಾರು ಒಂದಡಿಗಿಂತ ಉದ್ದವಾದ ವೀರ್ಯನಾಳದ ಮೂಲಕ ಮೇಲೇರಿ ಹೋಗುತ್ತವೆ. ವೈದ್ಯರು ನಾಳವನ್ನು ಕತ್ತರಿಸಿ ಕಟ್ಟುವುದು ಕೆಳಗಡೆ, ವೃಷಣಚೀಲದಲ್ಲಿ. ಅದರಾಚೆಗಿನ ನಾಳದಲ್ಲಿ ಆಗಲೇ ಸೇರಿಕೊಂಡಿರುವ ವೀರ್ಯಾಣುಗಳು ಅಲ್ಲಿಯೇ ಇರುತ್ತವೆ. ಅವು ಖಾಲಿಯಾಗಲು ವಾರಗಳೇ ಬೇಕು. ಇಪ್ಪತ್ತು ಬಾರಿ ವೀರ್ಯ ಹೊರಹೋದರೆ ಸಾಕು ಎಂಬ ಹಳೆಯ ಲೆಕ್ಕವೊಂದಿತ್ತು. ಅದು ಎಲ್ಲರಿಗೂ ಹೊಂದುವುದಿಲ್ಲವೆಂದು ತಿಳಿದ ಮೇಲೆ ನಮ್ಮ ದೇಶದ ಸರ್ಕಾರಿ ಮಾರ್ಗಸೂಚಿ ಮೂರು ತಿಂಗಳು ಎಂದು ನಿಗದಿ ಮಾಡಿದೆ. ಅಲ್ಲಿಯವರೆಗೆ ನಿರೋಧ್ ಅಥವಾ ಬೇರೆ ಯಾವುದಾದರೂ ಗರ್ಭನಿರೋಧಕ ಬಳಸಲೇಬೇಕು.

ಕಣ್ಣಿಗೇ ಗೊತ್ತಾಗುವುದಿಲ್ಲವೇ ಎಂದರೆ, ಇಲ್ಲ. ವೀರ್ಯದಲ್ಲಿ ವೀರ್ಯಾಣುಗಳ ಪಾಲು ನೂರಕ್ಕೆ ಎರಡರಿಂದ ಐದು ಮಾತ್ರ. ಉಳಿದದ್ದೆಲ್ಲ ಹೆಚ್ಚಾಗಿ ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳಿಂದ ಬರುವ ದ್ರವ. ಆ ಗ್ರಂಥಿಗಳನ್ನು ವೈದ್ಯರು ಮುಟ್ಟುವುದೇ ಇಲ್ಲ. ಹೀಗಾಗಿ ಆಪರೇಷನ್ ಆದ ಮೇಲೂ ಪ್ರಮಾಣ, ಬಣ್ಣ ಎಲ್ಲವೂ ಮೊದಲಿನಂತೆಯೇ. (ಗಂಡಸುತನ ಹೋಗುತ್ತದೆ, ಭಾರ ಎತ್ತಲಾಗುವುದಿಲ್ಲ ಎಂಬ ಕಟ್ಟೆಯ ಮಾತಿಗೂ ಆಧಾರವಿಲ್ಲ. ಗಂಡಸಿನ ಹಾರ್ಮೋನು ಸಾಗುವುದು ರಕ್ತದಲ್ಲಿ, ಈ ನಾಳದಲ್ಲಲ್ಲ.) ಇದ್ದಷ್ಟೇ ಇದೆ, ಎಲ್ಲ ಸರಿಯಾಗಿದೆ ಎಂದು ಗಂಡಸು ಸಮಾಧಾನಪಟ್ಟುಕೊಳ್ಳುತ್ತಾನೆ. ಒಳಗೆ ವೀರ್ಯಾಣು ಇದೆಯೋ ಇಲ್ಲವೋ ಎಂಬುದನ್ನು ಸೂಕ್ಷ್ಮದರ್ಶಕವೊಂದೇ ಹೇಳಬಲ್ಲದು.

ಅದೇನು ದೊಡ್ಡ ಯಂತ್ರವಲ್ಲ. ಪಿಯುಸಿ ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಈರುಳ್ಳಿ ಸಿಪ್ಪೆ ನೋಡುವ ಸೂಕ್ಷ್ಮದರ್ಶಕಕ್ಕೆ ಅಣ್ಣನಂಥದು. ಹಾಲೆಂಡಿನ ಲೇವನ್‌ಹುಕ್ 1677ರಲ್ಲಿಯೇ ತಾನು ಉಜ್ಜಿ ಮಾಡಿದ ಒಂಟಿ ಮಸೂರದಲ್ಲಿ ವೀರ್ಯಾಣುಗಳನ್ನು ಕಂಡಿದ್ದ. ವೀರ್ಯಾಣುವಿನ ತಲೆ ನಮ್ಮ ಕೆಂಪು ರಕ್ತಕಣಕ್ಕಿಂತಲೂ ಚಿಕ್ಕದು. ಹಿಂದೆ ಉದ್ದನೆಯ ಬಾಲ. ಪರೀಕ್ಷೆಗೆ ಲ್ಯಾಬಿನವರು ಅಗಲ ಬಾಯಿಯ ಒಣ ಡಬ್ಬಿ ಕೊಡುತ್ತಾರೆ. ಮನೆಯಲ್ಲಿ ಸಂಗ್ರಹಿಸಿದರೆ ಒಂದು ಗಂಟೆಯೊಳಗೆ ತಲುಪಿಸಬೇಕು. ಮೈ ಶಾಖದಲ್ಲಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ಹೋದರೆ ಒಳ್ಳೆಯದು. ಸಾಮಾನ್ಯ ನಿರೋಧ್‌ನಲ್ಲಿ ಸಂಗ್ರಹಿಸಬಾರದು, ಅದರ ಲೇಪನ ವೀರ್ಯಾಣುಗಳನ್ನು ಕೊಲ್ಲಬಹುದು. ವೀರ್ಯ ತಿಳಿಯಾಗಲು ಅರ್ಧ ಗಂಟೆ ಬಿಟ್ಟು, ಒಂದು ಹನಿಯನ್ನು ಗಾಜಿನ ಸ್ಲೈಡ್ ಮೇಲೆ ಹಾಕಿ 400 ಪಟ್ಟು ಹಿಗ್ಗಿಸಿ ನೋಡುತ್ತಾರೆ. ಏನೂ ಕಾಣದಿದ್ದರೆ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ತಳಕ್ಕಿಳಿದ ಗಷ್ಟನ್ನು ಮತ್ತೊಮ್ಮೆ ನೋಡುತ್ತಾರೆ. ಆರೋಗ್ಯವಂತನ ಒಂದು ಮಿಲಿಲೀಟರ್ ವೀರ್ಯದಲ್ಲಿ ಸಾಮಾನ್ಯವಾಗಿ ಒಂದೂವರೆ ಕೋಟಿಗೂ ಹೆಚ್ಚು ವೀರ್ಯಾಣುಗಳಿರುತ್ತವೆ. ಇಲ್ಲಿ ಬೇಕಾದ ಉತ್ತರ ಸೊನ್ನೆ.

ಅಮೆರಿಕದ ಮೂತ್ರರೋಗ ತಜ್ಞರ ಸಂಘವು 2012ರ ತನ್ನ ಮಾರ್ಗಸೂಚಿಯಲ್ಲಿ, ಮಿಲಿಲೀಟರಿಗೆ ಒಂದು ಲಕ್ಷಕ್ಕೆ ಮೀರದಂತೆ ಚಲನೆಯಿಲ್ಲದ ವೀರ್ಯಾಣುಗಳಷ್ಟೇ ಉಳಿದಿದ್ದರೂ ಸಾಕು ಎಂದಿತು. ನಮ್ಮಲ್ಲಿ ಅಷ್ಟು ಸಡಿಲವಿಲ್ಲ. ಮೂರು ತಿಂಗಳ ನಂತರವೂ ವೀರ್ಯಾಣು ಕಂಡರೆ ತಿಂಗಳಿಗೊಮ್ಮೆ ಮತ್ತೆ ನೋಡುತ್ತಾರೆ. ಆರು ತಿಂಗಳಾದರೂ ಕಾಣುತ್ತಲೇ ಇದ್ದರೆ ಆಪರೇಷನ್ ವಿಫಲವೆಂದೇ ಅರ್ಥ. ಒಂದೋ ನಾಳ ಸರಿಯಾಗಿ ಸಿಕ್ಕಿರುವುದಿಲ್ಲ, ಇಲ್ಲವೇ ಕತ್ತರಿಸಿದ ತುದಿಗಳ ನಡುವಿನ ಗಾಯದ ಅಂಗಾಂಶದಲ್ಲಿ ಕೂದಲೆಳೆಯಂಥ ದಾರಿ ಮತ್ತೆ ಮೂಡಿರುತ್ತದೆ. ಶರೀರಕ್ಕೆ ಗಾಯ ಮಾಯಿಸುವುದಷ್ಟೇ ಗೊತ್ತು, ನಮ್ಮ ಉದ್ದೇಶ ಅದಕ್ಕೇನು ಗೊತ್ತು? ಪರೀಕ್ಷೆಯಲ್ಲಿ ಪಾಸಾದ ಮೇಲೆ ಮುಂದೆಂದಾದರೂ ಗರ್ಭ ನಿಲ್ಲುವ ಸಂಭವ ಸುಮಾರು 2000ಕ್ಕೆ ಒಂದು.

ಸಂತಾನಹರಣವಾಗಿದೆ ಎಂಬ ಪ್ರಮಾಣಪತ್ರವನ್ನು ಗಂಡಸರಿಗೆ ಆಪರೇಷನ್ ದಿನ ಕೊಡಕೂಡದು, ವೀರ್ಯ ಪರೀಕ್ಷೆಯಲ್ಲಿ ಸೊನ್ನೆ ಬಂದ ಮೇಲೆಯೇ ಕೊಡಬೇಕು ಎಂಬುದು ಸರ್ಕಾರದ ನಿಯಮ. ಹಾಗಿದ್ದರೂ ಎಷ್ಟೋ ಗಂಡಸರು ತಿರುಗಿ ಬರುವುದೇ ಇಲ್ಲ. ನೋವಿಲ್ಲ, ಜ್ವರವಿಲ್ಲ, ದಿನಗೂಲಿ ಬಿಟ್ಟು ಯಾರು ಹೋಗುತ್ತಾರೆ? ಜತೆಗೆ, ಡಬ್ಬಿ ಹಿಡಿದು ಕೌಂಟರಿನ ಮುಂದೆ ನಿಲ್ಲುವ ನಾಚಿಕೆ.

ತಪ್ಪು ಅವರದೊಂದೇ ಅಲ್ಲ. ಈ ಕಾರ್ಯಕ್ರಮ ಬೆಳೆದುಬಂದದ್ದೇ ತಲೆ ಎಣಿಸುವ ರೀತಿಯಲ್ಲಿ. 1971ರ ಜುಲೈ ತಿಂಗಳಲ್ಲಿ ನೆರೆಯ ಕೇರಳದ ಎರ್ನಾಕುಲಂ ಶಿಬಿರದಲ್ಲಿ 60 ಸಾವಿರಕ್ಕೂ ಹೆಚ್ಚು ಗಂಡಸರಿಗೆ ಆಪರೇಷನ್ ಮಾಡಲಾಯಿತು. ತುರ್ತು ಪರಿಸ್ಥಿತಿಯ 1976–77ರಲ್ಲಂತೂ ದೇಶದಾದ್ಯಂತ ಆದ 82 ಲಕ್ಷದಷ್ಟು ಸಂತಾನಹರಣಗಳಲ್ಲಿ 60 ಲಕ್ಷಕ್ಕೂ ಹೆಚ್ಚು ಗಂಡಸರವು, ಎಷ್ಟೋ ಕಡೆ ಒತ್ತಾಯದಿಂದ. ಲೆಕ್ಕಕ್ಕೆ ಬಂದದ್ದು ಎಷ್ಟು ಆಪರೇಷನ್ ಎಂಬುದು. ಆ ಭಯ ಗಂಡಸರ ಮನಸ್ಸಿನಿಂದ ಇಳಿಯಲೇ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರು ದಂಪತಿಗಳಲ್ಲಿ 57 ಕಡೆ ಹೆಂಡತಿಗೆ ಆಪರೇಷನ್ ಆಗಿದೆ. ಗಂಡನಿಗೆ ಆದದ್ದು ಹೆಚ್ಚುಕಡಿಮೆ ಸೊನ್ನೆ. ಹೊಟ್ಟೆಯೊಳಗೆ ಕೈಹಾಕುವ ಆಪರೇಷನ್ ಹೆಂಗಸಿಗೆ, ಹೊಲಿಗೆಯೂ ಬೇಡದ ಹತ್ತಿಪ್ಪತ್ತು ನಿಮಿಷದ ಕೆಲಸಕ್ಕೆ ಗಂಡಸು ಹಿಂದೇಟು! ಚೀನಾದ ಡಾಕ್ಟರ್ ಲಿ ಶುನ್‌ಚಿಯಾಂಗ್ 1974ರಲ್ಲಿ ರೂಪಿಸಿದ, ಚಾಕು ಬಳಸದ ಈ ವಿಧಾನ ಈಗ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿಯೂ ರೂಢಿಯಲ್ಲಿದೆ.

ಮುಂದೆ ಬಂದ ಆ ಕೆಲವೇ ಗಂಡಸರ ಪೈಕಿ ನಮ್ಮ ಓಣಿಯವನೂ ಒಬ್ಬ. ಅದಕ್ಕಾಗಿ ಅವನನ್ನು ಮೆಚ್ಚಬೇಕು. ಈಗಲಾದರೂ ಅವನು ಪರೀಕ್ಷೆ ಮಾಡಿಸಿಕೊಳ್ಳಬಹುದು. ವೀರ್ಯಾಣು ಕಂಡರೆ ಅತ್ತೆಯ ಪ್ರಶ್ನೆಗೆ ಅಲ್ಲಿಯೇ ಉತ್ತರ ಸಿಕ್ಕಿತು. ಕಾಣದಿದ್ದರೂ ಸೊಸೆಯ ಮೇಲೆ ಬೆರಳು ಮಾಡುವಂತಿಲ್ಲ. ಗರ್ಭ ನಿಂತಾಗ ನಾಳದಲ್ಲಿ ಉಳಿದಿದ್ದದ್ದು ಈಗ ಖಾಲಿಯಾಗಿರಬಹುದು. ಕಾನೂನು ಕೂಡ ಆಕೆಯ ಕಡೆಗೇ ಇದೆ. ದಾಂಪತ್ಯ ನಡೆದಿರುವಾಗ ಹುಟ್ಟಿದ ಮಗು ಗಂಡನದೇ ಎಂದು 1872ರ ಸಾಕ್ಷ್ಯ ಅಧಿನಿಯಮದ 112ನೆಯ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೆಯ ಕಲಂ ಹೇಳುವುದೂ ಅದನ್ನೇ. ಗಂಡ ಹೆಂಡತಿ ಕೂಡಿರುವ ಅವಕಾಶವೇ ಇರಲಿಲ್ಲವೆಂದು ತೋರಿಸಿದರೆ ಮಾತ್ರ ಬೇರೆ ಮಾತು. ಆಪರೇಷನ್ ವಿಫಲವಾದರೆ ಪರಿಹಾರ ಕೊಡುವ ಸರ್ಕಾರಿ ಯೋಜನೆಯೂ 2005ರಿಂದ ಇದೆ. ಅದಕ್ಕೆ ಆಸ್ಪತ್ರೆಯ ಕಾಗದಪತ್ರಗಳು ಬೇಕಾಗುವುದರಿಂದ ಅವನ್ನು ಜೋಪಾನವಾಗಿ ಇಟ್ಟುಕೊಂಡಿರಬೇಕು.

ಚೀಟಿಯಲ್ಲಿ ವೈದ್ಯರು ಬರೆದುಕೊಟ್ಟ ‘ಮೂರು ತಿಂಗಳ ನಂತರ ಬರುವುದು’ ಎಂಬ ಸಾಲಿನ ಎದುರು ತಾರೀಖನ್ನೂ ಬರೆಸಿಕೊಂಡು, ಮನೆಯ ಕ್ಯಾಲೆಂಡರಿನಲ್ಲಿ ಅದಕ್ಕೊಂದು ಗುರುತು ಹಾಕಿಡಬೇಕು. ಹುಬ್ಬಳ್ಳಿಯವರಿಗೆ ಪಾಲಿಕೆಯ ಚಿಟಗುಪ್ಪಿ ಆಸ್ಪತ್ರೆ ಊರೊಳಗೇ ಇದೆ, ವಿದ್ಯಾನಗರದ ಕಿಮ್ಸ್‌ಗೆ ಬಸ್ಸಿದೆ. ಆಪರೇಷನ್ ಮಾಡಿದ ಆಸ್ಪತ್ರೆಯಲ್ಲಿ ಕೇಳಿದರೆ ಪರೀಕ್ಷೆಗೆ ಎಲ್ಲಿಗೆ ಹೋಗಬೇಕೆಂದು ತಿಳಿಸುತ್ತಾರೆ.